ಜಯದೇವ ಸರ್ಕಲ್ ಮೆರವಣಿಗೆಗೆ ಯಾವ ಲೆನ್ಸ್ ಒಯ್ಯಲಿ?

ಮಂಡಿಪೇಟೆ ಹುಡುಗ:
ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು ನಮ್ಮ ದಾವಣಗೆರೆಯಲ್ಲಿ ಸಮಾನ ಹಕ್ಕಿಗಾಗಿ ಒಂದು ಮೆರವಣಿಗೆ ಇದೆ. ಪೌರಕಾರ್ಮಿಕರು, ಮನೆಕೆಲಸದ ಹೆಂಗಸರು, ಆಶಾ ಕಾರ್ಯಕರ್ತೆಯರು, ಲಿಂಗತ್ವ ಅಲ್ಪಸಂಖ್ಯಾತರು ಎಲ್ಲ ಸೇರುತ್ತಾರೆ. ಅಂಬೇಡ್ಕರ್ ಸರ್ಕಲ್‌ನಲ್ಲಿ ಶುರು, ಜಯದೇವ ಸರ್ಕಲ್‌ನಲ್ಲಿ ಭಾಷಣ, ಆಮೇಲೆ ಎಸಿ (ಉಪವಿಭಾಗಾಧಿಕಾರಿ) ಆಫೀಸಿಗೆ ಹೋಗಿ ಮನವಿ ಕೊಡುವುದು. ಊರಿನವರಿಗೆ ಗೊತ್ತಿರುವ ದಾರಿಯೇ.

ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ನಿಕಾನ್ ಡಿ5600 ಇದೆ. ಜೊತೆಗೆ ಬಂದ 18-55 ಲೆನ್ಸ್ ಇದೆ. ಹೋದ ಸಲ ಒಂದು ಪ್ರತಿಭಟನೆಗೆ ಹೋಗಿ ಡಿವೈಡರ್ ಮೇಲೆ ನಿಂತು ಇನ್ನೂರು ಫೋಟೊ ಹೊಡೆದೆ. ಮನೆಗೆ ಬಂದು ನೋಡಿದರೆ ಬರೀ ಬೆನ್ನು, ಬಾವುಟ, ಒಬ್ಬ ಪೊಲೀಸಪ್ಪನ ಮೊಣಕೈ. ಈ ಸಲ ದೂರದ್ದನ್ನು ಹತ್ತಿರ ತರುವ 70-300 ಲೆನ್ಸ್ ತಗೊಳ್ಳೋಣ ಅಂತ ಇದ್ದೇನೆ. ದೂರ ನಿಂತೇ ಮುಖಗಳು ಸಿಗುತ್ತವೆ, ಯಾರಿಗೂ ತೊಂದರೆ ಇಲ್ಲ, ಅಲ್ವಾ? ಬಜೆಟ್ 15,000.

ಮಿರ್ಚಿ ಮಂಡಕ್ಕಿ:
70-300 ಕಣ್ಣು ಮುಚ್ಚಿಕೊಂಡು ತಗೊಳ್ಳಿ. ಗಲಾಟೆ ಆದರೆ ದೂರ ಇರುವುದೇ ಒಳ್ಳೆಯದು. ನಾನು ಗಣಪತಿ ಮೆರವಣಿಗೆ ತೆಗೆಯುವುದೆಲ್ಲ ಅದರಲ್ಲೇ.

ಕೋಟೆ ಕಲ್ಲು:
ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ. ನಿಮಗೆ ಜಯದೇವ ಸರ್ಕಲ್ ಹೇಗೋ ನಮಗೆ ಓಬವ್ವ ಸರ್ಕಲ್ ಹಾಗೆ. ಹತ್ತು ವರ್ಷದಿಂದ ಅಲ್ಲಿ ನಡೆಯುವ ಧರಣಿ, ಜಾಥಾ ತೆಗೆಯುತ್ತಾ ಬಂದಿದ್ದೇನೆ. ನನ್ನ ಮಾತು ಕೇಳುವುದಾದರೆ 70-300 ಬೇಡ.

ಡಿ5600ರ ಸೆನ್ಸರ್ ಎಪಿಎಸ್-ಸಿ, ಅಂದರೆ ಫುಲ್ ಫ್ರೇಮ್ ಎನ್ನುವ ದೊಡ್ಡ ಸೆನ್ಸರಿಗಿಂತ ಚಿಕ್ಕದು. ಲೆನ್ಸಿನ ಮೇಲಿನ ಅಂಕಿಯನ್ನು 1.5ರಿಂದ ಗುಣಿಸಿಕೊಳ್ಳಬೇಕು. 70 ಅಂದರೆ ಫುಲ್ ಫ್ರೇಮ್ ಲೆಕ್ಕದಲ್ಲಿ 105ರ ನೋಟ, 300 ಅಂದರೆ 450ರದು. ಅದು ಕುಂದುವಾಡ ಕೆರೆಯ ಹಕ್ಕಿಗೆ ಸರಿ. ಪಿ.ಬಿ. ರೋಡಿನಲ್ಲಿ ನಿಮಗೂ ಮೆರವಣಿಗೆಗೂ ನಡುವೆ ಎರಡು ಬೈಕು, ಒಂದು ಆಟೊ, ಒಬ್ಬ ಶೇಂಗಾ ಗಾಡಿಯವನು ಬಂದೇ ಬರುತ್ತಾರೆ. ನಿಮಗೆ ಸಿಗುವುದು ಶೇಂಗಾ.

ಇನ್ನೊಂದು ಇದೆ. ದೂರ ನಿಂತು ಉದ್ದ ಲೆನ್ಸ್‌ನಲ್ಲಿ ತೆಗೆದರೆ ಹಿಂದಿನವರು ಮುಂದಿನವರ ಹೆಗಲಿಗೇ ಬಂದು ಅಂಟಿಕೊಂಡ ಹಾಗೆ ಕಾಣುತ್ತಾರೆ. ನಲವತ್ತು ಜನ ನಾನೂರರ ಹಾಗೆ ಕಾಣುತ್ತಾರೆ. ಅದೇ ಸಭೆಯನ್ನು ಎದುರಿನ ಕಟ್ಟಡದ ಮಾಳಿಗೆಯಿಂದ 18ರಲ್ಲಿ ತೆಗೆಯಿರಿ, ನಾನೂರು ಜನ ನಲವತ್ತಾಗುತ್ತಾರೆ. ಸಂಘಟಕರಿಗೆ ಮೊದಲನೆಯದು ಬೇಕು, ಅವರನ್ನು ಕಂಡರೆ ಆಗದವರಿಗೆ ಎರಡನೆಯದು. ಇಬ್ಬರೂ ನನ್ನ ಹತ್ತಿರ ಫೋಟೊ ಕೇಳಿದ್ದಾರೆ. ಒಂದೇ ದಿನ!

ನಿಮ್ಮ ಬಜೆಟ್ಟಿಗೆ 35 ಎಂಎಂ ಎಫ್ 1.8 ಡಿಎಕ್ಸ್ ಸೆಕೆಂಡ್ ಹ್ಯಾಂಡ್ ಹುಡುಕಿ. ನಿಮ್ಮ ಬಾಡಿಯಲ್ಲಿ ಅದು 52ರ ಹಾಗೆ ಕಾಣುತ್ತದೆ. ತೂಕ 200 ಗ್ರಾಂ, ಕೊರಳಿಗೆ ಭಾರ ಆಗುವುದಿಲ್ಲ. ಎಫ್ ಅಂಕಿ ಚಿಕ್ಕದಾದಷ್ಟೂ ಬೆಳಕು ಜಾಸ್ತಿ ಒಳಗೆ ಬರುತ್ತದೆ, ಅದಕ್ಕೆ 1.8 ಸಂಜೆ ಬೀದಿ ದೀಪದಲ್ಲೂ ನಡೆಯುತ್ತದೆ. ಆದರೆ ಕೊಳ್ಳುವಾಗ ಜೋಪಾನ. ಡಿ5600ರ ಒಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಆಟೊ ಫೋಕಸ್ ಆಗುವುದಿಲ್ಲ. ಲೆನ್ಸಿನೊಳಗೇ ಮೋಟರ್ ಇದೆ ಎನ್ನುವ ಗುರುತು, ಎಎಫ್-ಎಸ್ ಅಥವಾ ಎಎಫ್-ಪಿ ಎಂದು ಬರೆದಿರಲೇಬೇಕು. ‘ಎಲ್ಲದಕ್ಕೂ ಸೆಟ್ ಆಗುತ್ತೆ ಅಣ್ಣಾ’ ಎಂದು ನನಗೂ ಒಬ್ಬ ದಾಟಿಸಿದ್ದ. ಸೆಟ್ ಏನೋ ಆಯಿತು.

ಮಿರ್ಚಿ ಮಂಡಕ್ಕಿ:
35ರಲ್ಲಿ ಮುಖ ತುಂಬಬೇಕು ಅಂದರೆ ಅವರ ಮೂಗಿನ ಹತ್ತಿರ ಹೋಗಬೇಕು. ನೂಕುನುಗ್ಗಲಿನಲ್ಲಿ ಲಾಠಿ ಬಿದ್ದರೆ ನಿಮ್ಮ 200 ಗ್ರಾಂ ಲೆನ್ಸು ಅಡ್ಡ ಬರುತ್ತದಾ?

ಹಳೇ ಸ್ಟುಡಿಯೊ:
ತಮ್ಮಂದಿರಾ, ನಡುವೆ ಬಾಯಿ ಹಾಕುತ್ತೇನೆ. ಸ್ಟುಡಿಯೊ ಮುಚ್ಚಿ ಬಹಳ ವರ್ಷ ಆಯಿತು. ಊರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದ ಕಾಲದಲ್ಲಿ, ಹತ್ತಿ ಗಿರಣಿಗಳ ಸೈರನ್ನಿಗೆ ನಾವು ಗಡಿಯಾರ ಇಟ್ಟುಕೊಳ್ಳುತ್ತಿದ್ದೆವು. ಕಮ್ಯುನಿಸ್ಟ್ ನಾಯಕ ಪಂಪಾಪತಿ ಅವರು ಶಾಸಕರಾಗಿದ್ದಾಗ ಕೆಂಬಾವುಟದ ಮೆರವಣಿಗೆ ಊರಿಗೆ ಹೊಸದೇನಲ್ಲ. ನಾನು ಒಯ್ಯುತ್ತಿದ್ದುದು ಯಾಷಿಕಾ ಟ್ವಿನ್ ಲೆನ್ಸ್. 80 ಎಂಎಂ ಲೆನ್ಸು, ಎಫ್ 3.5. ಆ ದೊಡ್ಡ ಫಿಲ್ಮಿಗೆ ಅದೇ ನಾರ್ಮಲ್. ಜೂಮೂ ಇಲ್ಲ ಏನೂ ಇಲ್ಲ. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ರೋಲು. ಒಂದು ರೋಲಿಗೆ 12 ಫೋಟೊ. ನೀವು ಇನ್ನೂರು ಹೊಡೆದೆ ಅಂದಿರಲ್ಲ, ನನಗೆ ಅದು ಮೂರು ತಿಂಗಳ ಸಂಬಳ.

ಆ ಕ್ಯಾಮೆರಾವನ್ನು ಹೊಟ್ಟೆಯ ಹತ್ತಿರ ಹಿಡಿದು ಮೇಲಿಂದ ಬಗ್ಗಿ ನೋಡಬೇಕು. ಗಾಜಿನಲ್ಲಿ ಎಡ ಬಲ ಅದಲು ಬದಲು. ಮೆರವಣಿಗೆ ಬಲಕ್ಕೆ ಹೊರಟರೆ ಗಾಜಿನಲ್ಲಿ ಎಡಕ್ಕೆ ಹೋಗುತ್ತದೆ. ಮೊದಮೊದಲು ನಾನೂ ಎದುರು ದಿಕ್ಕಿಗೆ ತಿರುಗಿ ಬರೀ ರಸ್ತೆಯ ಫೋಟೊ ತೆಗೆದಿದ್ದೇನೆ. ಆದರೆ ಒಂದು ಗುಣ ಇತ್ತು. ಬಗ್ಗಿ ನೋಡುವವನನ್ನು ಕಂಡರೆ ಜನಕ್ಕೆ ಸಿಟ್ಟು ಬರುವುದಿಲ್ಲ. ಕೈ ಮುಗಿಯುತ್ತಿದ್ದಾನೋ ಏನೋ ಎನ್ನುವ ಹಾಗೆ ಇರುತ್ತದೆ. ಹೊಟ್ಟೆಯ ಎತ್ತರದಿಂದ ತೆಗೆದದ್ದಕ್ಕೆ ಗಿರಣಿಯ ಹೆಂಗಸರು ಆಕಾಶಕ್ಕೆ ಎದ್ದು ನಿಂತ ಹಾಗೆ ಕಾಣುತ್ತಿದ್ದರು. ಹೋಮಾಯ್ ವ್ಯಾರಾವಾಲಾ ಅವರೂ ರೋಲಿಫ್ಲೆಕ್ಸ್ ಹಿಡಿದು ಹೀಗೇ ತೆಗೆದವರು. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ. 2011ರಲ್ಲಿ ಪದ್ಮವಿಭೂಷಣ ಬಂತು.

ನಿಮ್ಮ ಕ್ಯಾಮೆರಾದ ಹಿಂದಿನ ಪರದೆ ಹೊರಗೆ ತಿರುಗುತ್ತದಂತಲ್ಲ. ಅದನ್ನು ತೆರೆದು ಹೊಟ್ಟೆಯ ಹತ್ತಿರ ಹಿಡಿಯಿರಿ.

ಕೋಟೆ ಕಲ್ಲು:
ಅಜ್ಜಾ, ಐಡಿಯಾ ಚೆನ್ನಾಗಿದೆ. ಒಂದೇ ತೊಂದರೆ. ಡಿ5600ರಲ್ಲಿ ಪರದೆ ನೋಡಿ ಫೋಕಸ್ ಮಾಡುವುದು ನಿಧಾನ. ಅದು ಹುಡುಕಿ ಹುಡುಕಿ ನಿಲ್ಲುವಷ್ಟರಲ್ಲಿ ಘೋಷಣೆ ಕೂಗಿದವರು ನೀರು ಕುಡಿಯುತ್ತಿರುತ್ತಾರೆ. ಅದಕ್ಕೆ ಫೋಕಸ್ ಮೊದಲೇ ಕಟ್ಟಿಟ್ಟುಕೊಳ್ಳಬೇಕು. 18-55 ಲೆನ್ಸನ್ನು 24ಕ್ಕೆ ತಿರುಗಿಸಿ, ಎಫ್ 8 ಇಡಿ. 4 ಮೀಟರ್ ದೂರದ ಕಂಬಕ್ಕೆ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿಬಿಡಿ. ಸುಮಾರು 2 ಮೀಟರಿನಿಂದ ಹಿಡಿದು ಕಣ್ಣಿಗೆ ಕಾಣುವಷ್ಟು ದೂರ ಎಲ್ಲ ಸ್ಪಷ್ಟ ಬರುತ್ತದೆ. 35ರಲ್ಲಿ ಇದೇ ಮಾಡಿದರೆ ಎರಡೂಮುಕ್ಕಾಲು ಮೀಟರಿನಿಂದ ಎಂಟು ಮೀಟರ್ ತನಕ ಮಾತ್ರ. ಬಿಸಿಲಿರುತ್ತದೆ, ಎಫ್ 8ಕ್ಕೆ ಬೆಳಕಿನ ಕೊರತೆ ಇಲ್ಲ. ಶಟರ್ 1/500. ಮುಷ್ಟಿ ಎತ್ತುವುದು ನಾವು ಅಂದುಕೊಂಡದ್ದಕ್ಕಿಂತ ಜೋರು.

ಬೆಣ್ಣೆ ಕಮ್ಮಿ ದೋಸೆ:
18-55 ಎಎಫ್-ಪಿ ಆಗಿದ್ದರೆ ಹುಷಾರು. ಅದರಲ್ಲಿ ಫೋಕಸ್ ರಿಂಗಿಗೂ ಗಾಜಿಗೂ ನೇರ ಸಂಬಂಧ ಇಲ್ಲ, ಎಲ್ಲ ಮೋಟರ್. ಕ್ಯಾಮೆರಾ ಸ್ಟ್ಯಾಂಡ್‌ಬೈಗೆ ಹೋಗಿ ಎದ್ದರೆ ಕಟ್ಟಿಟ್ಟ ಫೋಕಸ್ ಜರುಗಿರಬಹುದು. ಮೆನುವಿನಲ್ಲಿ ಸ್ಟ್ಯಾಂಡ್‌ಬೈ ಟೈಮರ್ ಜಾಸ್ತಿ ಮಾಡಿಕೊಳ್ಳಿ. ಬ್ಯಾಟರಿ ಬೇಗ ಇಳಿಯುತ್ತದೆ, ಇನ್ನೊಂದು ಜೇಬಿನಲ್ಲಿರಲಿ.

ನೀಲಿ ಶಾಲು:
ಮೊದಲ ಸಲ ಬರೆಯುತ್ತಿದ್ದೇನೆ. ನಾನು ಫೋಟೊ ತೆಗೆಯುವವಳಲ್ಲ, ಮೆರವಣಿಗೆಯ ಒಳಗೆ ನಡೆಯುವವಳು. ‘ದೂರ ನಿಂತೇ ಮುಖ ಸಿಗುತ್ತೆ, ಯಾರಿಗೂ ತೊಂದರೆ ಇಲ್ಲ’ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದೆ ಇದೇ ಜಯದೇವ ಸರ್ಕಲ್‌ನಲ್ಲಿ ನಾನೂ ಇದ್ದೆ. ಪ್ರೊ. ಬಿ. ಕೃಷ್ಣಪ್ಪ ನಮ್ಮ ಪಕ್ಕದ ಹರಿಹರದವರು. ದಲಿತ ಸಂಘರ್ಷ ಸಮಿತಿ ಕಟ್ಟಿದವರು. ಅವರ ಹೆಸರು ಕೇಳಿ ಬೆಳೆದವಳಿಗೆ ಬೀದಿಗೆ ಇಳಿಯುವುದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಆದರೆ ಮನೆಯಲ್ಲಿ ಹೇಳಿರಲಿಲ್ಲ. ಆಗ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೆ, ಅಲ್ಲಿಯೂ ಹೇಳಿರಲಿಲ್ಲ. ಹೊಟ್ಟೆನೋವು ಎಂದು ರಜೆ ಹಾಕಿದ್ದೆ. ನನ್ನ ಪಕ್ಕದಲ್ಲಿ ನಡೆಯುತ್ತಿದ್ದವಳು ಮಂಗಳಮುಖಿ, ನನ್ನ ಗೆಳತಿ. ಅವಳ ಹೆಗಲ ಮೇಲೆ ಕೈ ಹಾಕಿ ಕೂಗುತ್ತಿದ್ದೆ. ಸುತ್ತಮುತ್ತ ಒಂದೂ ಕ್ಯಾಮೆರಾ ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಆ ಫೋಟೊ ನಮ್ಮ ಚಿಕ್ಕಪ್ಪನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿತ್ತು. ನನ್ನ ಮುಖ ಎಷ್ಟು ಸ್ಪಷ್ಟ ಎಂದರೆ ಮೂಗಿನ ಬೆವರು ಕಾಣುತ್ತಿತ್ತು. ಹಿಂದಿನದೆಲ್ಲ ಮಸುಕು. ತೆಗೆದವರು ರಸ್ತೆಯ ಆಚೆ ಎಲ್ಲೋ ಇದ್ದಿರಬೇಕು. ಫೋಟೊ ತುಂಬ ಚೆನ್ನಾಗಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅಂಗಡಿಯವರು ನಾಳೆಯಿಂದ ಬರಬೇಡ ಎಂದರು. ಮನೆಯಲ್ಲಿ ಫೋನ್ ಕಿತ್ತುಕೊಂಡರು. ಗೆಳತಿ ಊರೇ ಬಿಟ್ಟಳು. ಅವಳ ಅಣ್ಣನಿಗೆ ಅವಳು ಎಲ್ಲಿದ್ದಾಳೆಂದು ಗೊತ್ತಾಗಿದ್ದು ಆ ಫೋಟೊದಿಂದ.

ಕ್ಯಾಮೆರಾ ಕಣ್ಣಿಗೆ ಬಿದ್ದಿದ್ದರೆ ನಾನು ಶಾಲು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ. ಅಷ್ಟೇ ಕೆಲಸ. ಒಂದು ಸೆಕೆಂಡು. ಈ ಸಲವೂ ಬರುತ್ತೇನೆ. ನೀವು ಯಾವ ಲೆನ್ಸ್ ಬೇಕಾದರೂ ತನ್ನಿ, ನನಗೆ ಕಾಣುವ ಹಾಗೆ ನಿಂತುಕೊಳ್ಳಿ.

ಮಂಡಿಪೇಟೆ ಹುಡುಗ:
ಅಕ್ಕಾ, ಎರಡು ಸಲ ಓದಿದೆ. 70-300 ತೆಗೆದುಕೊಳ್ಳುವುದಿಲ್ಲ.

ಮಿರ್ಚಿ ಮಂಡಕ್ಕಿ:
ನಾನೂ ಸುಮ್ನೆ ಹೇಳಿಬಿಟ್ಟೆ. ಗಣಪತಿ ಮುಂದೆ ಕುಣಿಯುವವರ ಫೋಟೊ ಗ್ರೂಪಿಗೆ ಬಂದರೆ ಯಾರ ಕೆಲಸವೂ ಹೋಗುವುದಿಲ್ಲ. ಇದು ಬೇರೆ. ಆದರೂ ಒಂದು ಮಾತು. ಲಾಠಿ ಬೀಸಿದಾಗ ಯಾರು ಯಾರಿಗೆ ಹೊಡೆದರು ಎನ್ನುವುದಕ್ಕೆ ದೂರದ ಲೆನ್ಸೇ ಸಾಕ್ಷಿ. ಆಗ ಅನುಮತಿ ಕೇಳಿಕೊಂಡು ಕೂರುವುದಕ್ಕೆ ಆಗುತ್ತದಾ?

ಕೋಟೆ ಕಲ್ಲು:
ಅದು ನಿಜ. ಅದಕ್ಕೆ ನನ್ನ ಬ್ಯಾಗಿನಲ್ಲೂ 55-200 ಇರುತ್ತದೆ. ಎರಡು ಸಲ ಹೊರಗೆ ಬಂದಿದೆ. ಎರಡೂ ಸಲ ತೆಗೆದದ್ದನ್ನು ಸಂಬಂಧಪಟ್ಟವರಿಗೆ ಕೊಟ್ಟೆ, ಎಲ್ಲೂ ಹಾಕಲಿಲ್ಲ.

ಕರಿ ಕೋಟು:
ಕೋರ್ಟು ಕೆಲಸದವನು ನಾನು, ಲೆನ್ಸು ಗೊತ್ತಿಲ್ಲ. ಕಾನೂನಿನ ನಾಲ್ಕು ಮಾತು.

ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19(1)(ಬಿ) ವಿಧಿಯಲ್ಲಿದೆ. ಆದರೆ ಅವತ್ತು ನಿಷೇಧಾಜ್ಞೆ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಾವೆಲ್ಲ ಇನ್ನೂ 144 ಎಂದೇ ಕರೆಯುತ್ತೇವೆ. 2024ರ ಜುಲೈ 1ರಿಂದ ಅದು ಸಿಆರ್‌ಪಿಸಿ ಬದಲು ಬಂದ ಬಿಎನ್‌ಎಸ್‌ಎಸ್‌ನ 163ನೇ ಸೆಕ್ಷನ್. ಆಜ್ಞೆ ಇದ್ದರೆ ‘ನಾನು ಬರೀ ಫೋಟೊ ತೆಗೆಯಲು ಬಂದವನು’ ಎನ್ನುವುದು ಗುಂಪಿನಲ್ಲಿ ನಿಂತವನಿಗೆ ದೊಡ್ಡ ರಕ್ಷಣೆ ಆಗುವುದಿಲ್ಲ.

ಜನ ಮರೆಯುವುದು ಇದನ್ನು. ಅತ್ಯಾಚಾರ ಖಂಡಿಸುವ ಮೆರವಣಿಗೆಯಲ್ಲಿ ಕೆಲವರು ಸಂತ್ರಸ್ತೆಯ ಫೋಟೊ, ಹೆಸರು ಇರುವ ಫ್ಲೆಕ್ಸ್ ಹಿಡಿದು ಬರುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ತರುತ್ತಾರೆ. ನೀವು ಅದು ಕಾಣುವ ಹಾಗೆ ಫೋಟೊ ತೆಗೆದು ಹಾಕಿದರೆ ಗುರುತು ಬಹಿರಂಗ ಮಾಡಿದ ಹಾಗೆ. ಐಪಿಸಿ ಬದಲು ಬಂದ ಬಿಎನ್‌ಎಸ್‌ನ 72ನೇ ಸೆಕ್ಷನ್, ಎರಡು ವರ್ಷದ ತನಕ ಶಿಕ್ಷೆ ಇದೆ. ಫ್ಲೆಕ್ಸ್ ಬೇರೆಯವರದು ಎಂದರೆ ಕೇಳುವುದಿಲ್ಲ.

ಮತ್ತೆ ನೀಲಿ ಶಾಲು ಬರೆದದ್ದಕ್ಕೆ. ಲಿಂಗತ್ವ ಅಲ್ಪಸಂಖ್ಯಾತರ ಗುರುತನ್ನು ಸುಪ್ರೀಂ ಕೋರ್ಟ್ ಒಪ್ಪಿದ್ದು 2014ರ ಏಪ್ರಿಲ್ 15ರ ನಾಲ್ಸಾ ತೀರ್ಪಿನಲ್ಲಿ. ಕಾಯ್ದೆ ಬಂದದ್ದು 2019ರಲ್ಲಿ. ತೀರ್ಪು ಮನೆ ಬಾಗಿಲು ದಾಟಿ ಒಳಗೆ ಹೋಗಲು ಇನ್ನೂ ಎಷ್ಟು ವರ್ಷ ಬೇಕೋ. ನನ್ನ ಹತ್ತಿರ ಬರುವವರಲ್ಲಿ ಮನೆಗೆ ಒಂದು ಹೆಸರು, ಬೀದಿಗೆ ಒಂದು ಹೆಸರು ಇರುವವರು ಇದ್ದಾರೆ.

ಬೆಣ್ಣೆ ಕಮ್ಮಿ ದೋಸೆ:
ಇದಕ್ಕೆ ಒಂದು ಸೇರಿಸುತ್ತೇನೆ. ನಿಕಾನ್‌ನ ಸ್ನ್ಯಾಪ್‌ಬ್ರಿಜ್ ಆ್ಯಪ್‌ನಲ್ಲಿ ಕ್ಯಾಮೆರಾವನ್ನು ಫೋನಿಗೆ ಜೋಡಿಸಿದ್ದರೆ ಜಾಗದ ವಿವರ ಫೋಟೊ ಒಳಗೆ ಕೂರಬಹುದು. ಅದನ್ನು ಆಫ್ ಮಾಡಿಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಅಂತ ಕಳಿಸಿದರೆ ಆ ವಿವರ ಅಳಿಸಿಹೋಗುತ್ತದೆ, ಡಾಕ್ಯುಮೆಂಟ್ ಅಂತ ಕಳಿಸಿದರೆ ಹಾಗೇ ಉಳಿಯುತ್ತದೆ.

ಬಣ್ಣದ ವಿಷಯ ಯಾರೂ ಎತ್ತಿಲ್ಲ. ಆಶಾ ಕಾರ್ಯಕರ್ತೆಯರ ಗುಲಾಬಿ ಸೀರೆ ಫ್ರೇಮ್ ತುಂಬ ಇದ್ದರೆ ಆಟೊ ವೈಟ್ ಬ್ಯಾಲೆನ್ಸ್ ತಲೆಕೆಟ್ಟು ಮುಖಕ್ಕೆ ಹಸಿರು ಬಳಿಯುತ್ತದೆ. ನೀಲಿ ಬಾವುಟ ತುಂಬಿದರೆ ಮುಖ ಅರಿಶಿನ ಹಚ್ಚಿದ ಹಾಗಾಗುತ್ತದೆ. ರಾ ಫೈಲ್‌ನಲ್ಲಿ ತೆಗೆಯಿರಿ, ಮನೆಗೆ ಬಂದು ಸರಿ ಮಾಡಬಹುದು. ಹನ್ನೆರಡು ಗಂಟೆ ಬಿಸಿಲಿನಲ್ಲಿ ಬಿಳಿ ಬ್ಯಾನರ್ ಮುಂದೆ ನಿಂತವರ ಮುಖ ಕಪ್ಪಾಗುತ್ತದೆ, ಮೀಟರ್ ಬ್ಯಾನರನ್ನು ಓದಿ ಮೋಸ ಹೋಗುತ್ತದೆ. ಎಕ್ಸ್‌ಪೋಷರನ್ನು +0.7ಕ್ಕೆ ಏರಿಸಿಡಿ. ಆದರೆ ಆಮೇಲೆ ಎಡಿಟಿಂಗ್‌ನಲ್ಲಿ ಮುಖ ಬೆಳ್ಳಗೆ ಮಾಡಬೇಡಿ ಮಾರಾಯ್ರೆ. ಸಮಾನತೆಯ ಮೆರವಣಿಗೆಯ ಫೋಟೊಗೆ ಬ್ಯೂಟಿ ಫಿಲ್ಟರ್ ಹಾಕಿದವರನ್ನು ಕಂಡಿದ್ದೇನೆ.

ಹಳೇ ಸ್ಟುಡಿಯೊ:
ಬೇಗ ಹೋಗಿ. ಮೆರವಣಿಗೆ ಹೊರಡುವ ಒಂದು ಗಂಟೆ ಮೊದಲು. ಬಾವುಟಕ್ಕೆ ಕೋಲು ಕಟ್ಟುವ ಹೊತ್ತಿಗೆ ಜನ ಮಾತಾಡುತ್ತಾರೆ. ಘೋಷಣೆ ಶುರುವಾದ ಮೇಲೆ ನೀವು ಯಾರು ಅಂತ ಕೇಳಲು ಅವರಿಗೂ ಬಿಡುವಿಲ್ಲ, ಹೇಳಲು ನಿಮಗೂ ಇಲ್ಲ.

ಕೋಟೆ ಕಲ್ಲು:
ಲೆನ್ಸ್ ಒಂದೇ ಹಾಕಿಕೊಂಡು ಹೋಗಿ. ನಡುಬೀದಿಯಲ್ಲಿ ಬದಲಾಯಿಸಲು ಹೋದರೆ ಸೆನ್ಸರ್ ಮೇಲೆ ದಾವಣಗೆರೆಯ ಧೂಳೆಲ್ಲ ಕೂರುತ್ತದೆ.

(ಐದು ವಾರದ ನಂತರ)

ಮಂಡಿಪೇಟೆ ಹುಡುಗ:
ಹೋಗಿ ಬಂದೆ. ಬರೆಯುವುದು ತಡವಾಯಿತು, ಕ್ಷಮಿಸಿ. ಬಲಗಾಲಿನ ಗಾಯ ಮಾಯುವ ತನಕ ಕುಂಟುತ್ತಿದ್ದೆ. ಕಾರಣ ಕೊನೆಗೆ ಹೇಳುತ್ತೇನೆ.

35 ಎಫ್ 1.8 ಸಿಕ್ಕಿತು. ಹುಬ್ಬಳ್ಳಿಯವರೊಬ್ಬರದು, ಎಎಫ್-ಎಸ್ ಎಂದು ಮೂರು ಸಲ ಓದಿ ಕೊಂಡೆ. ಅಜ್ಜ ಹೇಳಿದ ಹಾಗೆ ಅಂಬೇಡ್ಕರ್ ಸರ್ಕಲ್‌ಗೆ ಒಂದೂವರೆ ಗಂಟೆ ಮೊದಲೇ ಹೋದೆ. ಬಂದಿದ್ದವರು ಇಪ್ಪತ್ತು ಜನ ಇರಬಹುದು. ಅದರಲ್ಲಿ ಒಬ್ಬರು ಹಲಗೆ ಕಾಯಿಸುತ್ತಿದ್ದರು. ರಟ್ಟಿನ ಡಬ್ಬ ಹರಿದು ಹಳೇ ಪೇಪರ್ ಸೇರಿಸಿ ಬೆಂಕಿ ಹಾಕಿ, ಹಲಗೆಯ ಚರ್ಮವನ್ನು ಬೆಂಕಿಯ ಕಡೆ ಹಿಡಿದು ನಿಧಾನ ತಿರುಗಿಸುವುದು. ನಡುನಡುವೆ ಹೆಬ್ಬೆರಳಿನಿಂದ ತಟ್ಟಿ ಕಿವಿ ಕೊಡುವುದು. ಮೊದಲು ಅದು ಒದ್ದೆ ಬಟ್ಟೆ ಒಗೆದ ಹಾಗೆ ‘ದಪ್’ ಎನ್ನುತ್ತಿತ್ತು. ಹತ್ತು ನಿಮಿಷಕ್ಕೆ ‘ಟಣ್’ ಎಂದಿತು. ‘ತೆಗೀಲಾ?’ ಎಂದು ಕೇಳಿದೆ. ‘ಬಾ, ಹೊಗೆ ಆ ಕಡೆ ಹೋಗ್ತದೆ, ಈ ಕಡೆ ಕೂತ್ಕೊ’ ಎಂದರು. ಕುಕ್ಕರಗಾಲಲ್ಲಿ ಕೂತು ಎಫ್ 2.8ರಲ್ಲಿ ತೆಗೆದೆ. ಅವರ ಹೆಬ್ಬೆರಳಿನ ಉಗುರು, ಚರ್ಮ, ಅದರ ಹಿಂದೆ ಬೆಂಕಿ. ಅವತ್ತು ತೆಗೆದ 160ರಲ್ಲಿ ನನಗೆ ಇಷ್ಟ ಆಗಿದ್ದು ಅದೇ. ಮೆರವಣಿಗೆ ಇನ್ನೂ ಶುರುವೇ ಆಗಿರಲಿಲ್ಲ!

ಅಲ್ಲೇ ಒಬ್ಬರು ಡ್ರಾಯಿಂಗ್ ಶೀಟಿನಲ್ಲಿ ‘ಸಮಾನ ದುಡಿಮೆಗೆ ಸಮಾನ ವೇತನ’ ಬರೆಯುತ್ತಿದ್ದರು. ದೊಡ್ಡ ಅಕ್ಷರದಲ್ಲಿ ಶುರು ಮಾಡಿ ಜಾಗ ಸಾಲದೆ, ‘ವೇತನ’ದ ‘ನ’ ಅಂಚಿನಲ್ಲಿ ಕೆಳಗೆ ಇಳಿದು ಕೂತಿತ್ತು. ‘ಮುಖ ಬೇಡ, ಕೈ ತೆಗಿ’ ಎಂದರು. ಹಸಿರು ಬಳೆ, ಬೆರಳಿಗೆಲ್ಲ ಮಾರ್ಕರ್ ಮಸಿ, ಇಳಿದು ಕೂತ ‘ನ’. ಮುಖ ಇದ್ದಿದ್ದರೆ ನಾನು ಆ ‘ನ’ ನೋಡುತ್ತಲೇ ಇರಲಿಲ್ಲ ಅನ್ನಿಸುತ್ತದೆ.

ನಡೆಯುವಾಗ ಪರದೆ ತೆರೆದು ಹೊಟ್ಟೆಯ ಹತ್ತಿರ ಹಿಡಿದುಕೊಂಡೆ. ಐದಾರು ಜನ ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು, ಬೇಡ ಎಂದು. ಇಳಿಸಿದೆ. ಒಬ್ಬಳು ನೀಲಿ ಶಾಲನ್ನು ಮೂಗಿನ ತನಕ ಎಳೆದುಕೊಂಡು ಕಣ್ಣಲ್ಲೇ ‘ಈಗ ತೆಗಿ’ ಎಂದಳು. ಅಕ್ಕಾ, ಅದು ನೀವಾ ಗೊತ್ತಿಲ್ಲ. ಕೇಳಲಿಲ್ಲ.

ಈಗ ಗಾಯದ ವಿಷಯ. ಎಸಿ ಆಫೀಸಿನ ಗೇಟಿನಲ್ಲಿ ಮನವಿ ಕೊಡುವಾಗ ಕೊಡುವವರು, ತೆಗೆದುಕೊಳ್ಳುವವರು, ಹಿಂದೆ ಬ್ಯಾನರ್, ಎಲ್ಲ 35ರಲ್ಲಿ ಹಿಡಿಯುತ್ತಿರಲಿಲ್ಲ. ಹಿಂದೆ ಹಿಂದೆ ಹೆಜ್ಜೆ ಇಟ್ಟು ಆಗಷ್ಟೇ ನಿಲ್ಲಿಸಿದ್ದ ಬುಲೆಟ್‌ನ ಸೈಲೆನ್ಸರ್‌ಗೆ ಕಾಲು ಕೊಟ್ಟೆ. ಚರ್ಮ ಸುಲಿಯಿತು. ಮನವಿಯ ಫೋಟೊ ಅರ್ಧ ಆಕಾಶ, ಅರ್ಧ ಗೇಟು. 18-55 ಬ್ಯಾಗಿನಲ್ಲೇ ಇತ್ತು.

ಕೋಟೆ ಕಲ್ಲು:
ಅದಕ್ಕೇ 24 ಅಂದಿದ್ದು. ಕಾಲಿಗೆ ಏನು ಹಚ್ಚಿದಿರಿ?

ಮಂಡಿಪೇಟೆ ಹುಡುಗ:
ಹಲಗೆಯವರು ಓಡಿ ಬಂದು ಬಾಟಲಿ ನೀರು ಸುರಿದರು. ಭಾಷಣಕ್ಕೆ ಇಟ್ಟಿದ್ದ ನೀರು.

ನೀಲಿ ಶಾಲು:
ಅದು ನಾನಲ್ಲ. ನಾನು ಈ ಸಲ ಮುಖ ಮುಚ್ಚಲಿಲ್ಲ. ನಿಮ್ಮ ಎದುರಿಗೇ ಎರಡು ಸಲ ಹೋದೆ, ನೀವು ಪರದೆ ನೋಡುತ್ತಿದ್ದಿರಿ.

ಹಳೇ ಸ್ಟುಡಿಯೊ:
ಹಲಗೆಯವರಿಗೆ ಪ್ರಿಂಟ್ ಕೊಟ್ಟೆಯಾ?

ಮಂಡಿಪೇಟೆ ಹುಡುಗ:
ಕೊಟ್ಟೆ ಅಜ್ಜ, ಎಂಟು ಹನ್ನೆರಡರದು. ಬಹಳ ಹೊತ್ತು ನೋಡಿದರು. ‘ಬೆಂಕಿ ಚಲೋ ಬಂದೈತಿ. ನಾನೆಲ್ಲಿ?’ ಎಂದರು. ಮುಂದಿನ ಭಾನುವಾರ ಮನೆಯವರ ಜೊತೆ ನಿಂತು ತೆಗೆಸಿಕೊಳ್ಳುತ್ತಾರಂತೆ. ಅದಕ್ಕೆ 18-55 ಒಯ್ಯುತ್ತೇನೆ, ಮನೆಯಲ್ಲಿ ಹನ್ನೊಂದು ಜನ ಇದ್ದಾರೆ.